ದಪ್ಪ ತಂತಿಯಣ್ಣನ ಬೆರಳು

ವಾದ್ಯದಂಗಡಿಯ ಹಿಂಭಾಗದಲ್ಲಿ, ಕಿಟಕಿಯ ಪಕ್ಕಕ್ಕೆ, ಹಸಿರು ಬಟ್ಟೆ ಹಾಸಿದ ಒಂದು ಮೇಜು. ಮೂವತ್ತೊಂದು ವರ್ಷದಿಂದ ಆ ಮೇಜಿನ ಹಿಂದೆ ಕೂತು ಗಿಟಾರುಗಳಿಗೆ ತಂತಿ ಹಾಕುತ್ತಿದ್ದವನನ್ನು ಬೀದಿಯವರೆಲ್ಲ ದಪ್ಪ ತಂತಿಯಣ್ಣ ಎಂದು ಕರೆಯುತ್ತಿದ್ದರು. ಆಳು ನೋಡಿದರೆ ಜೋರು ಗಾಳಿಗೆ ತೂರಿಹೋಗುವಷ್ಟು ಸಣಕಲು. ಹೊಸ ಗಿರಾಕಿಗಳು ಅವನನ್ನೇ ನಿಲ್ಲಿಸಿ, "ದಪ್ಪ ತಂತಿಯಣ್ಣ ಎಲ್ಲಿದಾರೆ?" ಎಂದು ಕೇಳುವುದೂ, ಅವನು "ನಾನೇ ಕಣಪ್ಪ, ಹೊಟ್ಟೆ ಮನೇಲಿ ಬಿಟ್ಟು ಬಂದಿದೀನಿ" ಎನ್ನುವುದೂ ಆ ಅಂಗಡಿಯಲ್ಲಿ ಹಳೆಯ ಮಾತು.

ಸಾಮಾನ್ಯ ಗಿಟಾರಿಗೆ ತಂತಿ ಹಾಕುವವರು ಆ ಊರಿನಲ್ಲಿ ಹತ್ತು ಜನ ಇದ್ದರು. ಆದರೆ ಬ್ಯಾರಿಟೋನ್ ಗಿಟಾರೋ ಆರು ತಂತಿಯ ಬೇಸ್ ಗಿಟಾರೋ ಬಂದರೆ ಆ ಹತ್ತು ಜನವೂ ಇವನ ಕಡೆಗೆ ಕೈ ತೋರಿಸುತ್ತಿದ್ದರು. ಇವು ತಗ್ಗಿನ ಸ್ವರದ ವಾದ್ಯಗಳು. ತೆಳು ತಂತಿ ಹಾಕಿ ಸ್ವರವನ್ನು ಅಷ್ಟು ಕೆಳಗಿಳಿಸಿದರೆ ಅದು ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತದೆ, ಮೀಟಿದರೆ ಗುರ್ ಎನ್ನುತ್ತದೆ. ಹಾಗೆಂದು ಸಿಕ್ಕಿದ ದಪ್ಪದ್ದನ್ನು ಬಿಗಿದರೆ ಸ್ವರಕ್ಕೆ ಮಂಕು ಕವಿಯುತ್ತದೆ, ವಾದ್ಯದ ಕತ್ತು ಬಾಗುತ್ತದೆ. ಆರೂ ತಂತಿಗಳ ಎಳೆತ ಒಂದೇ ಸಮ ಇರಬೇಕು. "ಆರು ಜನ ಸೇರಿ ಕಬ್ಬಿಣದ ಬೀರು ಎತ್ತಿದ ಹಾಗೆ," ಎಂದು ಅವನು ವಿವರಿಸುತ್ತಿದ್ದ. "ಒಬ್ಬ ಕೈ ಸಡಿಲ ಬಿಟ್ರೆ ಇನ್ನೊಬ್ಬನ ಸೊಂಟ ಹೋಯ್ತು."

ತಂತಿಯ ದಪ್ಪವನ್ನು ಒಂದು ಅಂಗುಲದ ಸಾವಿರ ಭಾಗದಲ್ಲಿ ಎಷ್ಟು ಭಾಗ ಎಂದು ಲೆಕ್ಕ ಹಾಕುತ್ತಾರೆ. ಬ್ಯಾರಿಟೋನಿನ ಕೆಳಗಿನ ತಂತಿ, ಎಂದರೆ ಅತಿ ತಗ್ಗಿನ ಸ್ವರದ್ದು, ಅರವತ್ತೆಂಟೋ ಎಪ್ಪತ್ತೆರಡೋ ಇದ್ದರೆ, ಆರು ತಂತಿಯ ಬೇಸಿನದು ನೂರಮೂವತ್ತು. ಎಪ್ಪತ್ತಕ್ಕೂ ಎಪ್ಪತ್ತೆರಡಕ್ಕೂ ಇರುವ ಅಂತರ ಕೂದಲೆಳೆಗಿಂತ ಕಡಿಮೆ. ಆ ಅಂತರ ಅವನ ಹೆಬ್ಬೆರಳಿಗೂ ತೋರುಬೆರಳಿಗೂ ತಿಳಿಯುತ್ತಿತ್ತು. ಗೋಡೆಯ ಮೊಳೆಗಳಿಗೆ ತಂತಿಯ ಸುರುಳಿಗಳನ್ನು ತೂಗುಹಾಕಿದ್ದ, ಯಾವುದಕ್ಕೂ ಚೀಟಿ ಇರಲಿಲ್ಲ. ಯಾರಾದರೂ ಕೇಳಿದರೆ, "ಕಟ್ಕೊಂಡ ಹೆಂಡ್ತಿಗೆ ಯಾರಾದ್ರೂ ಹೆಸರಿನ ಚೀಟಿ ಅಂಟಿಸ್ತಾರಾ?" ಎನ್ನುತ್ತಿದ್ದ. ಗಿರಾಕಿಯ ಕೈಯಲ್ಲಿ ಎರಡು ನಿಮಿಷ ನುಡಿಸಿ, ಅವರು ಎಷ್ಟು ಗಟ್ಟಿಯಾಗಿ ಮೀಟುತ್ತಾರೆ ಎಂದು ನೋಡಿ, ಎದ್ದು ಹೋಗಿ ಸುರುಳಿಯನ್ನು ಬೆರಳುಗಳ ನಡುವೆ ಒಮ್ಮೆ ಉರುಳಿಸಿ ತರುತ್ತಿದ್ದ. ತಂದದ್ದು ತಪ್ಪಿದ್ದನ್ನು ಕಂಡವರಿಲ್ಲ.

ಒಂದೂವರೆ ವರ್ಷದ ಹಿಂದೆ ಆ ಬೆರಳುಗಳಿಗೆ ಜೋಮು ಹಿಡಿಯಿತು. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಅದು ಮೊದಲು ಪಾದಕ್ಕೆ ಇಳಿದು, ಆಮೇಲೆ ಕೈಗೆ ಹತ್ತಿತ್ತು. ಚರ್ಮದ ಒಳಗೆ ಯಾರೋ ಹತ್ತಿ ತುಂಬಿ ಹೊಲಿದಂತೆ ಆಗುತ್ತಿತ್ತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಂಡ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗಾಡುವುದನ್ನು ಒಂದು ವಾರ ನೋಡಿದಳು. ಆಮೇಲೆ ಅವನ ಐದೂ ಅಂಗಿಗಳ ಗುಂಡಿ ಕಿತ್ತು ಒತ್ತುಗುಂಡಿ ಹೊಲಿದಿಟ್ಟಳು. ಮರುದಿನದಿಂದ ಅವನು ಅವನ್ನೇ ತೊಟ್ಟು ಅಂಗಡಿಗೆ ಹೋಗತೊಡಗಿದ.

ಅಂಗಡಿ ಹೆಂಡತಿಯ ತಮ್ಮನದು. ಭಾವನ ಕೆಲಸದ ಬಗ್ಗೆ ಒಂದು ದಿನವೂ ಎದುರಾಡಿದವನಲ್ಲ. ಆ ದಿನಗಳಲ್ಲೇ ಅವನು ದಪ್ಪ ಅಳೆಯುವ ಒಂದು ಯಂತ್ರ ತಂದು ಹಸಿರು ಬಟ್ಟೆಯ ಮೇಲಿಟ್ಟ. ತಂತಿಯನ್ನು ಅದರ ಬಾಯಿಗೆ ಕೊಟ್ಟರೆ ಸಣ್ಣ ಗಾಜಿನಲ್ಲಿ ಅಂಕಿ ಮೂಡುತ್ತಿತ್ತು.

"ಗಿರಾಕಿಗಳಿಗೆ ನಂಬಿಕೆ ಬರ್ಲಿ ಅಂತ, ಭಾವ."

"ನಂಬಿಕೆ ಇಲ್ದೋರು ಮೂವತ್ತು ವರ್ಷ ಬಂದ್ರಾ?" ಎಂದು ಇವನು ಅದನ್ನು ಡ್ರಾಯರಿಗೆ ಹಾಕಿದ. ಯಾರೂ ಇಲ್ಲದಾಗ ಕೆಲವು ಸಲ ಹೊರತೆಗೆದದ್ದುಂಟು. ಆದರೆ ಅದರ ಬಾಯಿ ತಂತಿಯನ್ನು ಮೆಲ್ಲಗೆ ಹಿಡಿದಿದೆಯೋ ಅಮುಕಿದೆಯೋ ಎಂದು ತಿಳಿಯಲೂ ಬೆರಳಿಗೆ ಸ್ಪರ್ಶ ಬೇಕು. ಒಮ್ಮೆ ನೂರಿಪ್ಪತ್ತೆಂಟು, ಅದೇ ತಂತಿಗೆ ಇನ್ನೊಮ್ಮೆ ನೂರಿಪ್ಪತ್ತೊಂದು. ಬಿಟ್ಟುಬಿಟ್ಟ.

ಬಿಡಲು ಇನ್ನೊಂದು ಕಾರಣವೂ ಇತ್ತು. ಅವನು ತಂತಿ ಹಾಕಿದ ಒಂದು ವಾದ್ಯವೂ ವಾಪಸು ಬರಲಿಲ್ಲ. ಗಿರಾಕಿಗಳು ಮೊದಲಿಗಿಂತ ಹೆಚ್ಚಾಗಿಯೇ ಹೊಗಳುತ್ತಿದ್ದರು. ಹಾಗಾದರೆ ಚರ್ಮಕ್ಕೆ ತಿಳಿಯದಿದ್ದರೂ ಒಳಗಿನ ಮೂಳೆಗೆ ತಿಳಿಯುತ್ತಿರಬೇಕು ಎಂದುಕೊಂಡ. ಬೆರಳು ಹೋದರೂ ಮೇಜು ಉಳಿಯಿತು ಎಂಬ ಈ ಒಂದು ಸಮಾಧಾನದ ಮೇಲೆ ಅವನ ಬದುಕೆಲ್ಲ ನಿಂತಿತ್ತು.

ಒಂದು ಗುರುವಾರ ಬೆಳಿಗ್ಗೆ ಬೇಗ ಡಾಕ್ಟರ ಹತ್ತಿರ ಹೋಗುವುದಿತ್ತು. ಡಾಕ್ಟರಮ್ಮ ಅವನಿಗೆ ಕಣ್ಣು ಮುಚ್ಚಲು ಹೇಳಿ, ಸಣ್ಣ ನೈಲಾನ್ ಎಳೆಯೊಂದರಿಂದ ಬೆರಳ ತುದಿಗಳನ್ನು ಮುಟ್ಟತೊಡಗಿದರು.

"ಮುಟ್ಟಿದಾಗ ಹೇಳಿ."

"ನೀವು ಶುರು ಮಾಡಿದಾಗ ಹೇಳಿ ಅಮ್ಮ, ನಾನು ಆಮೇಲೆ ಹೇಳ್ತೀನಿ."

"ಆಗ್ಲೇ ಎಂಟು ಸಲ ಮುಟ್ಟಿದೆ."

ಅವನು ಕಣ್ಣು ಬಿಟ್ಟು ಆ ಎಳೆಯನ್ನು ನೋಡಿದ. "ಇದು ಹನ್ನೆರಡು ಇರಬೇಕು. ಇಷ್ಟು ತೆಳು ತಂತಿ ನಮ್ಮ ಲೈನ್ ಅಲ್ಲ ಬಿಡಿ," ಎಂದ. ಡಾಕ್ಟರಮ್ಮ ನಗಲಿಲ್ಲ. ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ಮುಂದಕ್ಕೆ ಹೋಗುವುದನ್ನು ನಿಧಾನ ಮಾಡಬಹುದು ಅಷ್ಟೇ ಎಂದು ಹೇಳಿ ಅದೇ ಮಾತ್ರೆ ಬರೆದುಕೊಟ್ಟರು.

ಸರದಿ ಬೇಗ ಮುಗಿದದ್ದರಿಂದ ಅಂಗಡಿಯ ಮುಂದೆ ಬಂದಾಗ ಇನ್ನೂ ಒಂಬತ್ತು ಗಂಟೆ. ಅವನು ಎಂದೂ ಹತ್ತಕ್ಕೆ ಮೊದಲು ಬಂದವನಲ್ಲ. ಶಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ನೋಡಿದ. ಬಾಮೈದ ಇವನ ಸ್ಟೂಲಿನ ಮೇಲೆ ಕೂತಿದ್ದ. ಮೇಜಿನ ಮೇಲೆ ಗಿರಾಕಿ ಗಣಿತದ ಟೀಚರೊಬ್ಬರ ಬ್ಯಾರಿಟೋನ್ ಗಿಟಾರ್. ನಿನ್ನೆ ಸಂಜೆ ಇವನೇ ಹೊಸ ತಂತಿ ಹಾಕಿ ಗೋಡೆಗೆ ತೂಗುಹಾಕಿ ಹೋಗಿದ್ದು. ಈಗ ಅದರ ಕತ್ತು ಬೋಳಾಗಿತ್ತು. ನಿನ್ನೆಯ ತಂತಿಗಳು ತುಂಡಾಗಿ ನೆಲದ ಮೇಲೆ ಬಿದ್ದಿದ್ದವು. ಬಾಮೈದ ಒಂದು ಸುರುಳಿಯನ್ನು ಯಂತ್ರದ ಬಾಯಿಗೆ ಕೊಟ್ಟು, ಅಂಕಿ ನೋಡಿ, ಬೇಡವೆಂದು ತಲೆಯಾಡಿಸಿ, ಇನ್ನೊಂದನ್ನು ಎತ್ತಿಕೊಂಡ.

ತಂತಿಯಣ್ಣ ಒಳಗೆ ಹೋಗಲಿಲ್ಲ. ಬೀದಿಯ ಕೊನೆಯ ಚಹಾದಂಗಡಿಯಲ್ಲಿ ಒಂದು ಗಂಟೆ ಕೂತಿದ್ದು, ಹತ್ತಕ್ಕೆ ಸರಿಯಾಗಿ, ಎಂದಿನಂತೆ ಕೆಮ್ಮುತ್ತಾ ಬಂದ.

ಹನ್ನೊಂದಕ್ಕೆ ಟೀಚರ್ ಬಂದರು. ಗಿಟಾರನ್ನು ತೊಡೆಯ ಮೇಲಿಟ್ಟು ಕೆಳಗಿನ ತಂತಿಯನ್ನು ಮೀಟಿದರು. ಸ್ವರ ಅಂಗಡಿಯ ಗಾಜುಗಳಿಗೆಲ್ಲ ತಾಗಿ ಬಂತು.

"ಅಬ್ಬಾ! ಕೈ ಅಂದ್ರೆ ಇದು ಅಣ್ಣ. ಊರಲ್ಲಿ ಇಷ್ಟು ಅಂಗಡಿ ಇದೆ, ಒಬ್ರಿಗಾದ್ರೂ ಈ ಕೈಗುಣ ಇದೆಯಾ ಹೇಳಿ?"

"ನಿಮ್ಮ ನುಡಿಸೋ ಕೈ ಚೆನ್ನಾಗಿದೆ ಟೀಚರ್," ಎಂದ. ಗಲ್ಲಾದ ಹಿಂದೆ ಬಾಮೈದ ಈಗಾಗಲೇ ಸ್ವಚ್ಛವಾಗಿದ್ದ ಗಾಜನ್ನು ಉಜ್ಜುತ್ತಿದ್ದ.

ಮಧ್ಯಾಹ್ನ ಬಾಮೈದ ಊಟಕ್ಕೆ ಹೋದಾಗ ಅವನು ಹಿಂದಿನ ಗುಜರಿ ಡಬ್ಬವನ್ನು ನೆಲಕ್ಕೆ ಸುರಿದ. ಹಳೆಯ ಕಪ್ಪು ತಂತಿಗಳ ನಡುವೆ ಹೊಸವು ಮಿನುಗುತ್ತಿದ್ದವು. ತುದಿಗಳಲ್ಲಿ ಬಿರಡೆಗೆ ಸುತ್ತಿದ ಗುರುತು ಹಾಗೇ ಉಳಿದಿತ್ತು: ಮೂರೇ ಸುತ್ತು, ಒಂದರ ಕೆಳಗೊಂದು, ಒತ್ತೊತ್ತಾಗಿ. ಅಂಗಡಿಯಲ್ಲಿ ಹಾಗೆ ಸುತ್ತುವವನು ಅವನೊಬ್ಬನೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಎಣಿಸುವುದಕ್ಕೂ ಹೋಗದೆ ಎಲ್ಲವನ್ನೂ ಮತ್ತೆ ಡಬ್ಬಕ್ಕೆ ತುಂಬಿದ.

ಸಂಜೆ ಗಿರಾಕಿಗಳಿಲ್ಲದ ಹೊತ್ತು ನೋಡಿ ಕೇಳಿದ. "ಎಷ್ಟು ದಿನದಿಂದ?"

ಬಾಮೈದ, ಯಾವುದು ಎಂದು ಕೇಳಲಿಲ್ಲ. "ವರ್ಷ ಆಗ್ತಾ ಬಂತು, ಭಾವ."

"ಎಲ್ಲಾನೂ?"

"ಒಂದೊಂದು ಸಲ ಸರಿ ಇರುತ್ತೆ. ಅವನ್ನ ಮುಟ್ಟಲ್ಲ."

"ಸುತ್ತೋದು ಸಡಿಲ ಆಗಿರಬಹುದು, ಒಪ್ತೀನಿ. ಕೈ ತಾನೆ? ಆದ್ರೆ ಆರಿಸಿದ್ದು ಸರಿ ಇತ್ತಲ್ಲ? ಆರಿಸೋದು ತಲೆ ಕೆಲಸ."

ಬಾಮೈದ ಗಲ್ಲಾ ಮುಚ್ಚಿ ಇವನ ಕಡೆ ತಿರುಗಿದ. "ಟೀಚರ್ ಗಿಟಾರಿಗೆ ಕೆಳಗಿಂದು ಎಷ್ಟು ಹಾಕಿದ್ರಿ?"

"ಎಪ್ಪತ್ತೆರಡು. ಆಯಮ್ಮ ಗಟ್ಟಿಯಾಗಿ ಮೀಟ್ತಾರೆ."

"ಎಪ್ಪತ್ತೆರಡೇ ಬೇಕಿತ್ತು. ಇದ್ದಿದ್ದು ಅರವತ್ತೆರಡು, ಭಾವ."

ಹತ್ತು ಭಾಗ! ಹೊಸದಾಗಿ ಕಲಿಯಲು ಬಂದವರೂ ಮಾಡದ ತಪ್ಪು. ನಿನ್ನೆ ಮೀಟಿದಾಗ ಅದು ಸ್ವಲ್ಪ ಗುರ್ ಎಂದಿತ್ತು. ಹೊಸ ತಂತಿ, ರಾತ್ರಿ ಕಳೆದರೆ ಕೂತುಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಒಂದು ವರ್ಷದಿಂದ ದಿನವೂ ಹಾಗೆಯೇ ಹೇಳಿಕೊಂಡು ಮನೆಗೆ ಹೋಗಿದ್ದ.

"ನಂಗೆ ಹೇಳ್ಬಾರದಿತ್ತಾ, ಮಾರಾಯ?"

"ಅಕ್ಕನಿಗೆ ಮಾತು ಕೊಟ್ಟಿದ್ದೆ. ಮೇಜು ಬಿಡಿಸಿದ್ರೆ ಅವರು ಉಳಿಯಲ್ಲ ಕಣೋ ಅಂದ್ಲು."

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಯಾರದೋ ಪರದೆ ಹೊಲಿಯುತ್ತಿದ್ದಳು. ಡಾಕ್ಟರು ಏನಂದರು ಎಂದು ಕೇಳಿದಳು. ಚೆನ್ನಾಗಿದೆ ಎಂದರು ಎಂದ.

"ಸುಸ್ತಾದ ಹಾಗಿದೀರಿ. ಅಂಗಡೀಲಿ ಕೆಲಸ ಜಾಸ್ತಿನಾ?"

"ಹೂಂ. ಒಂದೊಂದು ವಾದ್ಯಾನೂ ಎರಡೆರಡು ಸಲ ಮಾಡ್ಬೇಕಾಗುತ್ತೆ."

ಹೊಲಿಗೆ ಯಂತ್ರ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಪರದೆಯ ಅಂಚನ್ನು ಎರಡು ಸಲ ಬೆರಳಿನಿಂದ ನೀವಿ, ಮತ್ತೆ ಯಂತ್ರ ತುಳಿಯತೊಡಗಿದಳು.

ಮರುದಿನ ಬಸ್ ಮೆಕ್ಯಾನಿಕ್ ಒಬ್ಬ ತನ್ನ ಆರು ತಂತಿಯ ಬೇಸ್ ತಂದಿಟ್ಟು, "ನೀವೇ ನೋಡಿ ಹಾಕಿ ಅಣ್ಣ, ನಾಳೆ ಬರ್ತೀನಿ" ಎಂದು ಹೋದ. ಗಲ್ಲಾದಿಂದ ಬಾಮೈದ ಇತ್ತ ನೋಡಿ ಮುಖ ತಿರುಗಿಸಿದ. ತಂತಿಯಣ್ಣ ಗೋಡೆಯ ಹತ್ತಿರ ಹೋಗಿ, ಸುರುಳಿಗಳನ್ನು ಒಂದೊಂದಾಗಿ ಇಳಿಸಿ ಬೆರಳ ನಡುವೆ ಉರುಳಿಸಿದ. ಎಲ್ಲವೂ ಒಂದೇ. ಕಣ್ಣಂದಾಜಿನಲ್ಲಿ ಆರು ಆರಿಸಿದ. ತುದಿ ಬಗ್ಗಿಸಿ, ಬಿರಡೆಗೆ ಕೊಟ್ಟು, ಮೂರು ಸುತ್ತು. ತಂತಿಯ ಮೊನೆ ಎಲ್ಲಿ ಚುಚ್ಚಿತೋ ತಿಳಿಯಲಿಲ್ಲ. ಹಸಿರು ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಾಗ ಬೆರಳಿಗೆ ಚಿಂದಿ ಸುತ್ತಿಕೊಂಡ. ಮೊದಲು ಮುಕ್ಕಾಲು ಗಂಟೆಯ ಕೆಲಸ, ಆ ದಿನ ಸಂಜೆ ಐದರವರೆಗೆ ಹಿಡಿಯಿತು.

ಶ್ರುತಿ ಮಾಡಿ ಕೆಳಗಿನ ತಂತಿಯನ್ನು ಮೀಟಿದ. ಸ್ವರ ಎದ್ದಿತು. ಚೆನ್ನಾಗಿದೆ ಎನಿಸಿತು. ಆದರೆ ಒಂದು ವರ್ಷದಿಂದ ಎಲ್ಲವೂ ಚೆನ್ನಾಗಿದೆ ಎಂದೇ ಅನಿಸಿತ್ತಲ್ಲ. ಮತ್ತೆ ಮೀಟಿದ, ಕಿವಿಯನ್ನು ಮರಕ್ಕೆ ಒತ್ತಿ ಕೇಳಿದ. ಸರಿಯೋ ತಪ್ಪೋ ಹೇಳಲಾಗಲಿಲ್ಲ. ನಾಳೆ ಮೆಕ್ಯಾನಿಕ್ ಬಂದು ಹೊಗಳಿದರೂ ತಿಳಿಯುವಂತಿರಲಿಲ್ಲ. ತನ್ನ ಕೆಲಸ ಹೇಗಿದೆ ಎಂದು ಇನ್ನು ಯಾರ ಬಾಯಿಂದಲೂ ಕೇಳಿ ನಂಬುವ ಹಾಗಿರಲಿಲ್ಲ.

ಅವನು ಬಿರಡೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದ. ಆರೂ ತಂತಿಗಳನ್ನು ಬಿಚ್ಚಿ, ಸುರುಳಿ ಮಾಡಿ, ಬೋಳು ಬೇಸನ್ನು ಎತ್ತಿಕೊಂಡು ಹೋಗಿ ಗಲ್ಲಾದ ಮೇಲೆ ಮಲಗಿಸಿದ.

"ನಾಳೆ ನೀನು ಬೇಗ ಬರೋದು ಬೇಡ. ಬಿಚ್ಚಿದೀನಿ."

ಬಾಮೈದ ಎದ್ದು ನಿಂತ. "ಭಾವ, ನೀವು ನಾಳೆ..."

"ಬರ್ತೀನಿ. ಇನ್ನೆಲ್ಲಿಗೆ ಹೋಗ್ಲಿ?"

ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದವನು ನಿಂತ. "ಆ ಮೆಕ್ಯಾನಿಕ್ ಬೆರಳಲ್ಲಿ ಮೀಟ್ತಾನೆ, ಕೈ ಭಾರ. ಕೆಳಗಿಂದಕ್ಕೆ ನೂರಮೂವತ್ತು..." ಎಂದು ಶುರು ಮಾಡಿ, ಅರ್ಧಕ್ಕೇ ಬಿಟ್ಟ.

"ನಿಂಗೆ ಸರಿ ಕಂಡಿದ್ದು ಹಾಕು," ಎಂದು ಬೀದಿಗೆ ಇಳಿದ.