ಅಣ್ಣನ ಪಾಲಿನ ಹಳಿ

ನಮ್ಮಪ್ಪ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ತಂದಿದ್ದ ಆಟದ ರೈಲನ್ನು ಸೋದರಮಾವ ಎರಡು ಪಾಲು ಮಾಡಿದ. ಯಾದಗಿರಿಯ ಮನೆ, ರಾಮಸಮುದ್ರದ ಹೊಲ, ಅಡುಗೆಮನೆಯ ಕೊಡ, ಪರಾತ ಎಲ್ಲ ಹಂಚಿ ಮುಗಿದಿತ್ತು. ರೈಲಿನ ಡಬ್ಬ ಯಾರಿಗೆ ಎಂದಾಗ ಅಣ್ಣ "ನನಗ" ಅಂದ. ನಾನೂ "ನನಗ" ಅಂದೆ. ಮೀಸೆ ಬಂದ ಇಬ್ಬರು ಗಂಡಸರು! ಮಾವನ ತಲೆ ಕೆಟ್ಟಿತು. ನೇರ ಹಳಿ, ಇಂಜಿನ್, ಕರೆಂಟಿನ ಪೆಟ್ಟಿಗೆ ಅಣ್ಣನ ಕಡೆ ದಬ್ಬಿದ. ಬಾಗಿದ ಹಳಿ, ಬೋಗಿಗಳು, ಎರಡು ಪಾಯಿಂಟ್ ನನ್ನ ಕಡೆ. ಪಾಯಿಂಟ್ ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲಿನ ತುಂಡು. "ಈಗರೆ ಸಮಾಧಾನ ಆತೇನ್ರಲೇ?" ಅಂದ ಮಾವ.

ಆಮೇಲೆ ಅಣ್ಣ ಸುರಪುರ ಸೇರಿದ, ನಾನು ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟೆ. ಬಸ್ಸಿನಲ್ಲಿ ಕಣ್ಣು ಹತ್ತುವಷ್ಟರಲ್ಲಿ ಊರು ಬಂದುಬಿಡುತ್ತದೆ, ಅಷ್ಟು ಹತ್ತಿರ. ಆದರೆ ಮಾತು ನಿಂತೇ ಹೋಯಿತು. ಯಾರದಾದರೂ ಮದುವೆಯಲ್ಲಿ ಎದುರಾದರೆ ಅವನು ಚಪ್ಪಲಿ ಹುಡುಕುತ್ತಿದ್ದ, ನಾನು ಊಟದ ಪಂಕ್ತಿ ಹುಡುಕುತ್ತಿದ್ದೆ.

ಈ ಸಲ ದಸರೆಗೆ ಮುಂಚೆ ಸುಣ್ಣ ಹೊಡೆಸುವಾಗ ನನ್ನ ಪಾಲಿನ ಡಬ್ಬ ಅಟ್ಟದಿಂದ ಇಳಿಯಿತು. ಹಿತ್ತಾಳೆಯ ಹಳಿ ಕರ್ರಗಾಗಿತ್ತು. ಪಾಯಿಂಟಿನ ನಾಲಿಗೆ, ಅಂದರೆ ಅತ್ತಿತ್ತ ಸರಿಯಬೇಕಾದ ಚೂಪು ತುಂಡು, ಅಲುಗಾಡಲೇ ಇಲ್ಲ. ಚಿಕ್ಕವರಿದ್ದಾಗ ಅಣ್ಣ ಇಂಜಿನ್ ಬಿಡುತ್ತಿದ್ದ, ಪಾಯಿಂಟ್ ಒತ್ತುವುದು ನನ್ನ ಕೆಲಸ. ತಡ ಮಾಡಿದರೆ "ಲೇ ಮಬ್ಬ, ಗಾಡಿ ಬಂತಲೇ!" ಎಂದು ಕಿರುಚುತ್ತಿದ್ದ. ಆ ಬೈಗುಳವನ್ನು ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ನನ್ನ ಪಾಲು ಸರಿ ಮಾಡಿಕೊಂಡು ಅಣ್ಣನ ಮನೆಗೆ ಹೋಗುವುದು, ಅವನ ಪಾಲಿಗೆ ಜೋಡಿಸುವುದು ಎಂದು ನಿಶ್ಚಯ ಮಾಡಿದೆ.

"ದೇವರ ಸಾಮಾನ ತಿಕ್ಕಿದಂಗ ತಿಕ್ಕ್ರಿ," ಅಂದಳು ಹೆಂಡತಿ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಬಂಗಾರದಂತೆ ಹೊಳೆಯಿತು. ಮರುದಿನ ನೋಡಿದರೆ ಸಂದಿಗಳಲ್ಲೆಲ್ಲ ಹಸಿರು ಕಿಲುಬು. ಸಿಟ್ಟು ಬಂದು ಕುಸುಬಿ ಎಣ್ಣೆ ಸವರಿದೆ. ನಮ್ಮವ್ವ ಲೋಹದ ಯಾವ ಸಾಮಾನನ್ನೂ ಎಣ್ಣೆ ಹಚ್ಚದೆ ಎತ್ತಿಟ್ಟವಳಲ್ಲ. ಆ ಎಣ್ಣೆ ಒಣಗಿ ಅಂಟಾಯಿತು. ಹಳಿಯಲ್ಲಿ ಕರೆಂಟು ಹರಿದರಷ್ಟೇ ರೈಲು ಓಡುವುದು. ಹಳಿಯ ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ಸಣ್ಣ ಬಲ್ಬು ಹಿಡಿದು ನೋಡಿದರೆ, ಎಲ್ಲಿ ಹತ್ತಬೇಕು! ಕೊನೆಗೆ ಮೆಡಿಕಲ್ ಅಂಗಡಿಯ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿದೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ, ನಾಲಿಗೆಯ ಕೆಳಗಿನ ಜಿಡ್ಡನ್ನು ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಕಿತ್ತೆ. ಒತ್ತಿದರೆ ಟಕ್ಕೆಂದು ಸರಿಯಿತು. ಬಲ್ಬೂ ಹತ್ತಿತು. ಅಂಗಡಿ ಬಿಟ್ಟು ಇದೇನು ಹುಚ್ಚು ಎಂದು ಹೆಂಡತಿ ನಕ್ಕಳು.

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುರಪುರದ ಬಸ್ಸಿನಲ್ಲಿ ಕೂತೆ. "ಕಾಕಾ, ಏನೈತ್ರಿ ಅದರಾಗ? ಕೆಳಗಿಡ್ರಿ," ಅಂದ ಕಂಡಕ್ಟರ್. "ರೈಲು ಐತಿ" ಅಂದೆ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಅಣ್ಣ ಮೊದಲು ಬೈಯುತ್ತಾನೆ, ಆಮೇಲೆ ಚಾ ಕುಡಿಸುತ್ತಾನೆ, ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಹಳಿ ಜೋಡಿಸುತ್ತೇವೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಬಾಗಿಲು ತೆಗೆದದ್ದು ವೈನಿ, ಅಣ್ಣನ ಹೆಂಡತಿ. "ಯಪ್ಪಾ, ಇವತ್ತ ದಾರಿ ಕಂಡಿತೇನು!" ಎಂದು ಮುಖ ಅರಳಿಸಿದರು. ಅಣ್ಣ ಪಡಸಾಲೆಯ ಮಂಚದ ಮೇಲಿದ್ದ. "ಬರ್ರಿ, ಕೂಡ್ರಿ," ಅಂದ. ನನಗೆ! ಗಿರಾಕಿಗೆ ಅಂದಂತೆ. ಆದರೂ ಪಾಯಿಂಟನ್ನು ನೆಲದ ಮೇಲಿಟ್ಟು ಒತ್ತಿ ತೋರಿಸಿದೆ.

"ಅಣ್ಣಾ, ನಿನ್ನ ಹಳಿ ಅದಾವೇನು?"

ಅವನು ಎದ್ದು ಒಳಗೆ ಹೋದ. ಟ್ರಂಕು ಎಳೆದ ಸದ್ದು ಕೇಳಿತು. ತಂದು ಬಿಚ್ಚಿದ ಗಂಟಿನಿಂದ ಕುಸುಬಿ ಎಣ್ಣೆಯ ವಾಸನೆ ಬಂತು. ಅವ್ವನ ಹಾಗೆ ಅವನೂ ಒಂದೊಂದು ಹಳಿಗೂ ಎಣ್ಣೆ ಸವರಿ ಸುತ್ತಿಟ್ಟಿದ್ದ. ಒಂದೂ ಕಳೆದಿರಲಿಲ್ಲ. ಅಯ್ಯೋ ನನ್ನ ಅಣ್ಣ ಅನ್ನಿಸಿತು. ಜೋಡಿಸಲು ಕೈ ಚಾಚಿದೆ. ಅಷ್ಟರಲ್ಲಿ ಅವನು ಗಂಟನ್ನು ಮತ್ತೆ ಕಟ್ಟಿ, ಇಂಜಿನ್, ಪೆಟ್ಟಿಗೆ ಸಮೇತ ನನ್ನ ಚೀಲದೊಳಗೆ ಇಟ್ಟ.

"ಪೂರಾ ಒಯ್ರಿ," ಅಂದ. "ನಮ್ಮಿಬ್ಬರ ನಡುವ ಹಿಸ್ಸಾದ್ದು ಅಂತ ಇನ್ನ ಏನೂ ಉಳಿಯೂದು ಬ್ಯಾಡ."

"ನಾ ಕೇಳಾಕ ಬಂದಿಲ್ಲೋ ಅಣ್ಣಾ. ಕೂಡ್ಸಾಕ ಬಂದೀನಿ."

"ಚಾ ಕುಡದ ಹೊಂಡ್ರಿ. ಬಸ್ಸ ತಪ್ಪತೈತಿ."

"ಏನ್ರಿ ಇದು, ಒಡಹುಟ್ಟಿದಾಂವ ಬಂದಾನ," ಎಂದು ವೈನಿ ಅತ್ತೇಬಿಟ್ಟರು. ಅವನು ಗೋಡೆಯ ಕಡೆ ಮುಖ ಮಾಡಿದ. ಚಾ ಕುಡಿದು ಚೀಲ ಎತ್ತಿಕೊಂಡೆ.

ಮನೆಗೆ ಬಂದು ಅವನ ಹಳಿಯ ಎಣ್ಣೆಯನ್ನೂ ಸ್ಪಿರಿಟ್ಟಿನಿಂದ ಒರೆಸಿ ಎಲ್ಲವನ್ನೂ ಜೋಡಿಸಿದೆ. ರೈಲು ಓಡಿತು. ಚಪ್ಪಾಳೆ ತಟ್ಟಲು ಹೋದ ಹೆಂಡತಿ ನನ್ನ ಮುಖ ನೋಡಿ ಕೈ ಇಳಿಸಿದಳು. ನಾಚಿಕೆ ಬಿಟ್ಟು ಅತ್ತೆ. ಆ ಹಳಿ ಅವನ ಟ್ರಂಕಿನಲ್ಲಿ ಇದ್ದಷ್ಟು ದಿನ ಅವನ ಬಾಗಿಲು ಬಡಿಯಲು ನನಗೊಂದು ನೆಪವಿತ್ತು. ಈಗ ಪೂರ್ತಿ ರೈಲು ನನ್ನದು. ಇನ್ನು ಏನು ನೆಪ ಹೇಳಿಕೊಂಡು ಸುರಪುರದ ಬಸ್ಸು ಹತ್ತಲಿ?