ಶೇಖರಣ್ಣನ ಕೈಯ ರಿಮೋಟು

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಮುಶೈರಿಬಿನ ಕಾಫಿ ಅಂಗಡಿಯೊಂದರಲ್ಲಿ ಮಗಳ ಎದುರು ಕೂತಿದ್ದೆ. ತನ್ನ ಆಫೀಸಿನ ಡೇನಿಯಲ್‌ನನ್ನು ಮದುವೆಯಾಗುತ್ತೇನೆ ಎಂದು ಅವಳು ಹೇಳಿ ವಾರವಾಗಿತ್ತು. ಹುಡುಗ ಕೀನ್ಯಾದವನು. ನಾನು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಸೆಕೆ, ಟ್ರಾಫಿಕ್ಕು ಎಂದು ಮಾತು ಮರೆಸುತ್ತಿದ್ದೆ. ಅಷ್ಟರಲ್ಲಿ ಅಂಗಡಿಯ ಸ್ಪೀಕರಿನಲ್ಲಿ ಸ್ಯಾಕ್ಸೊಫೋನ್ ಶುರುವಾಯಿತು. ನನಗೆ ಶೇಖರಣ್ಣ ನೆನಪಾದರು.

ನಿಮಗೂ ಗೊತ್ತಿರಬಹುದು, ನಮ್ಮ ಮಂಗಳೂರು ಕಡೆಯ ಮದುವೆಗೆ ಸ್ಯಾಕ್ಸೊಫೋನ್ ಬೇಕೇ ಬೇಕು. ವರ್ಷಗಳ ಹಿಂದೆ ಇದೇ ಊರಿನ ಐನ್ ಖಾಲಿದ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಶೇಖರಣ್ಣ, ಕವರಿನ ಮೇಲೆ ಆ ವಾದ್ಯ ಕಂಡದ್ದೇ ಖುಷಿಯಾಗಿ ಒಂದು ವೀಡಿಯೊ ಕ್ಯಾಸೆಟ್ ತಂದಿದ್ದರು. ಶುಕ್ರವಾರದ ಊಟ ಮುಗಿಸಿ ಊರ ಕಡೆಯವರೆಲ್ಲ ಅವರ ಹಾಲಿನಲ್ಲಿ ಸೇರಿ ಸಿನಿಮಾ ನೋಡುವುದು ಆಗಿನ ಪದ್ಧತಿ. ಹಾಕಿ ನೋಡಿದರೆ ಅದು ಬ್ರಿಟಿಷರ ಹಳೆಯ ಕಪ್ಪು ಬಿಳುಪು ಚಿತ್ರ. ಲಂಡನ್ನಿನ ಜಾಝ್ ಕ್ಲಬ್ಬು, ಅಲ್ಲಿ ಸ್ಯಾಕ್ಸೊಫೋನ್ ನುಡಿಸುವ ಕಪ್ಪು ಯುವಕ, ಹಾಡುವ ಬಿಳಿ ಹುಡುಗಿ.

ರಿಮೋಟು ಯಾವಾಗಲೂ ಶೇಖರಣ್ಣನ ಕೈಯಲ್ಲಿ. ತೆರೆಯ ಮೇಲೆ ಗಂಡು ಹೆಣ್ಣು ಒಂದು ಗೇಣು ಹತ್ತಿರ ಬಂದರೆ ಸಾಕು, "ಮಕ್ಕಳು ಉಂಟು ಮಾರಾಯ್ರೆ" ಎಂದು ಮುಂದಕ್ಕೆ ಓಡಿಸಿಬಿಡುತ್ತಿದ್ದರು. ಈ ಚಿತ್ರದಲ್ಲಿ ಅವರಿಬ್ಬರೂ ಹತ್ತಿರ ಬರುತ್ತಲೇ ಇದ್ದರು. ಕ್ಯಾಸೆಟ್ಟು ಅರ್ಧಕ್ಕರ್ಧ ಓಡಿತು. ಉಳಿದದ್ದರಲ್ಲಿ ಮನೆಯೊಡತಿ ಹುಡುಗಿಯ ಪೆಟ್ಟಿಗೆಯನ್ನು ಬೀದಿಗೆ ಎಸೆಯುತ್ತಾಳೆ, ಹುಡುಗಿಯ ಅಪ್ಪ ಕ್ಲಬ್ಬಿಗೆ ನುಗ್ಗಿ ಕೂಗಾಡುತ್ತಾನೆ. ಯಾಕೆಂದು ನಮಗೊಬ್ಬರಿಗೂ ತಿಳಿಯಲಿಲ್ಲ.

"ಅವಳಿಗೆ ಹಾಡ್ಲಿಕ್ಕೆ ಬರುದಿಲ್ಲ, ಅದಕ್ಕೆ," ಎಂದು ಶೇಖರಣ್ಣ ತೀರ್ಪು ಕೊಟ್ಟರು. ಚಹಾ ಕುಡಿಸಿದವರ ಮಾತಿಗೆ ಎದುರಾಡುವುದು ಹೇಗೆ? ಆಮೇಲೆ ಅವರು ಊರಿಗೆ ಮರಳಿದರು, ಕ್ಯಾಸೆಟ್ಟಿನ ಕಾಲವೂ ಖಲಾಸ್ ಆಯಿತು. ಬೀದಿಗೆ ಬಿದ್ದ ಆ ಪೆಟ್ಟಿಗೆ ಮಾತ್ರ ನನ್ನ ತಲೆಯೊಳಗೇ ಉಳಿದಿತ್ತು.

"ಹಾಫ್ ಮೂವಿ ನೋಡಿ ಇಷ್ಟು ವರ್ಷ ಥಿಂಕ್ ಮಾಡಿದ್ದಾ ಪಪ್ಪ?" ಎಂದು, ಕಾಫಿ ಕುಡಿಯುತ್ತಾ ಇದನ್ನೆಲ್ಲ ಕೇಳಿದ ಮಗಳು ನಕ್ಕಳು. ಅದೇ ಸಂಜೆ ಎಲ್ಲೆಲ್ಲೋ ಹುಡುಕಿ ಟಿವಿಯಲ್ಲಿ ಹಾಕಿಯೂ ಬಿಟ್ಟಳು.

ಕಥೆಯೆಲ್ಲ ಶೇಖರಣ್ಣ ಓಡಿಸಿದ ಜಾಗದಲ್ಲೇ ಇತ್ತು. ಕಾಲು ನೋಯುತ್ತದೆ ಎಂದ ಹುಡುಗಿಯ ಬೂಟನ್ನು ಅವನು ಬಿಚ್ಚುತ್ತಾನೆ. ಒಂದೇ ತಟ್ಟೆಯಲ್ಲಿ ಮೊಟ್ಟೆ ತಿನ್ನುತ್ತಾ ಮದುವೆಯ ಮಾತಾಡುತ್ತಾರೆ. ಇಷ್ಟೇ. ಮಕ್ಕಳು ನೋಡಬಾರದ್ದು ಏನಿತ್ತು ಇದರಲ್ಲಿ ಎಂದು ನನಗೆ ನಗು ಬಂತು.

ಆಮೇಲೆ ಆ ಅಪ್ಪ ಬಂದ. ಹುಡುಗನ ಬಣ್ಣ ಹಿಡಿದು ಅವನು ಆಡಿದ, ಆಗ ಅರ್ಥವಾಗದ ಒಂದೊಂದು ಮಾತೂ ಈಗ ಅರ್ಥವಾಯಿತು. ಮಗಳ ಪಕ್ಕ ಕೂತು ಕೇಳಲು ನಾಚಿಕೆಯಾಗಿ ರಿಮೋಟಿಗೆ ಕೈ ಹಾಕಿದೆ.

"ಇರ್ಲಿ ಪಪ್ಪ," ಎಂದು ಅವಳು ರಿಮೋಟನ್ನು ಆಚೆಗೆ ಸರಿಸಿದಳು. ಆದರೆ ತೆರೆಯ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಡೇನಿಯಲ್‌ಗೆ ಬಂಗುಡೆ ಪುಳಿಮುಂಚಿ ಆಗ್ತದಾ?" ಎಂದು ಕೇಳಿದೆ. "ಖಾರ ಉಂಟು ಅಂತ ಮೊದಲೇ ಹೇಳು. ಶುಕ್ರವಾರ ಊಟಕ್ಕೆ ಬರ್ಲಿ."

ಅವಳು ಟಿವಿಯ ದನಿ ತಗ್ಗಿಸಿದಳು. "ಇನ್ನೊಮ್ಮೆ ಹೇಳಿ," ಎಂದಳು.

ಹೇಳಿದೆ.