ಕಲ್ಲುಬಾನಿಯ ಕೊರಮೀನು

ಚಳ್ಳಕೆರೆ ಬಸ್ ನಿಲ್ದಾಣದ ಹೊರಗೆ, ಆಟೋಗಳು ನಿಲ್ಲುವ ಕಡೆ, ಒಬ್ಬ ಪ್ಲಾಸ್ಟಿಕ್ ಟಬ್ಬಿನಲ್ಲಿ ಜೀವಂತ ಕೊರಮೀನು ಇಟ್ಟುಕೊಂಡು ಮಾರುತ್ತಾನೆ. ಮೇಲೆ ಬಲೆ ಕಟ್ಟಿರುತ್ತಾನೆ, ಇಲ್ಲದಿದ್ದರೆ ಹಾರಿ ರಸ್ತೆಗೆ ಬೀಳುತ್ತವೆ. ಮೊನ್ನೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಆ ಟಬ್ಬಿನಿಂದ ‘ಗುಳುಕ್’ ಅಂತ ಒಂದು ಸದ್ದು ಬಂತು. ಬಸ್ಸಿನ ಹಾರನ್ನು, ಕಂಡಕ್ಟರನ ಕೂಗು, ಎಣ್ಣೆ ಮಿಲ್ಲಿನ ಕಡೆಯಿಂದ ಬರುವ ಶೇಂಗಾ ಹಿಂಡಿಯ ವಾಸನೆ, ಇಷ್ಟರ ನಡುವೆಯೂ ಆ ಸಣ್ಣ ಸದ್ದು ನನ್ನ ಕಿವಿಗೆ ಬಿತ್ತು. ಕೊರಮೀನು ಬೇರೆ ಮೀನಿನಂತಲ್ಲ, ನಮ್ಮ ಹಾಗೆ ಅದಕ್ಕೂ ಗಾಳಿ ಬೇಕು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗೆ ಹೋಗುತ್ತದೆ. ಚಿಕ್ಕವಳಿದ್ದಾಗ ಒಂದು ಇಡೀ ಬೇಸಿಗೆಯನ್ನು ನಾನು ಆ ಸದ್ದು ಕೇಳುತ್ತಾ ಕಳೆದಿದ್ದೇನೆ. ಹಗಲು ಹೊತ್ತು ಮನೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ.

ಅದು ನನ್ನ ದೊಡ್ಡವ್ವನ ಮನೆ, ನಮ್ಮವ್ವನ ಅಕ್ಕನದು. ದೇವಸಮುದ್ರದಲ್ಲಿ ಬಸ್ಸಿಳಿದು ಬಹಳ ದೂರ ನಡೆದರೆ ಚಿನ್ನಹಗರಿ ಹೊಳೆಯ ದಂಡೆಯ ಮೇಲೆ ಒಂದು ಹಟ್ಟಿ ಇತ್ತು. ಹಟ್ಟಿಯ ಕೊನೆಗೆ, ಹೊಳೆಗೆ ಮುಖ ಮಾಡಿ ನಮ್ಮ ಮನೆ. ಮಣ್ಣಿನ ಗೋಡೆ, ಬಾಗಿಲ ಪಕ್ಕ ಒಂದು ಕಲ್ಲುಬಾನಿ. ಎತ್ತುಗಳಿದ್ದ ಕಾಲದಲ್ಲಿ ಅವಕ್ಕೆ ನೀರು ಕುಡಿಸಲು ಇಟ್ಟದ್ದು. ದೊಡ್ಡಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದವನು ಅಲ್ಲೇ ಜ್ವರ ಬಂದು ಸತ್ತ. ಮಕ್ಕಳಿರಲಿಲ್ಲ. ನಮ್ಮವ್ವ ಸತ್ತ ಮೇಲೆ ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಚಳ್ಳಕೆರೆಗೆ ಹೋಗಿ ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿಕೊಂಡ. ದೊಡ್ಡವ್ವ ನನ್ನನ್ನು ಮುದ್ದು ಮಾಡಿದವಳಲ್ಲ. ತಲೆಗೆ ಎಣ್ಣೆ ಹಚ್ಚುವಾಗಲೂ ಕುರಿಯ ಉಣ್ಣೆ ಕತ್ತರಿಸುವವಳ ಹಾಗೆ ಕತ್ತು ಅಮುಕಿ ಹಿಡಿಯುತ್ತಿದ್ದಳು.

ನಮ್ಮ ಕುಲದವರು ಕೋಳಿ ಮುಟ್ಟುವುದಿಲ್ಲ, ಕುರಿ ಕೊಯ್ಯುವುದು ಹಬ್ಬಕ್ಕೆ. ನಾಲಿಗೆ ಕೇಳಿದರೆ ಹೊಳೆಯೇ ಗತಿ. ದೊಡ್ಡವ್ವ ಗಾಳ ಹಾಕುವುದರಲ್ಲಿ ಗಟ್ಟಿಗಿತ್ತಿ. ನನಗೆ ಕೋಲು ಕೊಡುವ ಮೊದಲು ಮೀನಿನ ಗುರುತು ಕಲಿಸಿದಳು, ಅದೂ ಕಣ್ಣು ಮುಚ್ಚಿಸಿ. ಹೊಸ ನೀರು ಕೆಂಪಗೆ ಕದಡಿರುತ್ತದೆ, ಕೈ ಹಾಕಿದರೆ ಕೈಯೇ ಕಾಣುವುದಿಲ್ಲ, ಹಾಗಾಗಿ ಬೆರಳಿಗೆ ಗೊತ್ತಿರಬೇಕು. ಒರಟು ಹುರುಪೆ, ಅಗಲ ಪಕ್ಕೆ ಸಿಕ್ಕರೆ ಗೆಂಡೆ. ಮೈ ನುಣ್ಣಗಿದ್ದು ಮೀಸೆ ತಗುಲಿದರೆ ಚೇಳುಮೀನು, ಕೂಡಲೇ ಬಿಟ್ಟುಬಿಡಬೇಕು, ಅದರ ಮುಳ್ಳು ಚುಚ್ಚಿದರೆ ದಿನವೆಲ್ಲ ಕೈ ಉರಿಯುತ್ತದೆ. ಉದ್ದಕ್ಕೆ, ಗುಂಡಗೆ, ಒನಕೆಯ ಹಾಗೆ ಮೈ ಇದ್ದು ತಲೆ ಮಾತ್ರ ಹಾವಿನಂತೆ ಚಪ್ಪಟೆ ಇದ್ದರೆ ಅದು ಕೊರಮೀನು. ಅದನ್ನು ಹೊಟ್ಟೆಯ ಹತ್ತಿರ ಹಿಡಿದರೆ ಜಾರುತ್ತದೆ, ಕಿವಿರಿನ ಹಿಂದೆ ಹಿಡಿಯಬೇಕು. ಗೆಂಡೆಗೆ ಎರೆಹುಳ, ಕೊರಮೀನಿಗೆ ಕಪ್ಪೆಮರಿ. ಕಪ್ಪೆಯನ್ನು ಸಾಯಿಸಬಾರದು, ನೀರಿನ ಮೇಲೆ ಅದು ಒದ್ದಾಡಬೇಕು. ತಪ್ಪು ಹೇಳಿದರೆ ಹಸಿ ಮೀನಿನಲ್ಲೇ ಕೆನ್ನೆಗೆ ಒಂದು ಬೀಳುತ್ತಿತ್ತು.

ಹಿಡಿಯುವುದಕ್ಕಿಂತ ಬಿಡುವುದನ್ನು ಅವಳು ಹೆಚ್ಚು ಕಲಿಸಿದಳು. ಅಂಗೈಗಿಂತ ಚಿಕ್ಕದನ್ನು ಬಿಡಬೇಕು. ಹೊಸ ನೀರಿಗೆ ಎದುರು ಹತ್ತುವ ಬಸುರಿ ಮೀನನ್ನು ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಕೆಂಪು ಕಂಡ ಕಡೆ ಗಾಳ ಎತ್ತಿಕೊಂಡು ಬರಬೇಕು. ಕೊರಮೀನಿನ ಮರಿಗಳು ಕೆಂಪಗೆ, ಎಳ್ಳುಕಾಳಿನಷ್ಟು, ನೀರಿನ ಮೇಲೆ ಕುಂಕುಮ ಕದಡಿದ ಹಾಗೆ ಗುಂಪಾಗಿ ತೇಲುತ್ತವೆ. ಕೆಳಗೆ ಗಂಡು ಹೆಣ್ಣು ಎರಡೂ ಕಾವಲಿರುತ್ತವೆ. ಆಗ ಅವನ್ನು ಹಿಡಿಯುವಷ್ಟು ಸುಲಭ ಬೇರೊಂದಿಲ್ಲ, ಏಕೆಂದರೆ ಏನು ಮಾಡಿದರೂ ಅವು ಓಡಿಹೋಗುವುದಿಲ್ಲ. ಅದಕ್ಕೇ ಹಿಡಿಯಬಾರದು ಎನ್ನುತ್ತಿದ್ದಳು.

ನಮ್ಮ ಹೊಳೆ ವರ್ಷವೆಲ್ಲ ಹರಿಯುವ ಹೊಳೆಯಲ್ಲ. ಬೇಸಿಗೆಗೆ ಮರಳು ಉಳಿಯುತ್ತಿತ್ತು, ನಮ್ಮ ಮನೆಯ ಕೆಳಗೊಂದು ಮಡು. ಮಡುವೂ ಬತ್ತುವಾಗ ಹಟ್ಟಿಯವರೆಲ್ಲ ಇಳಿದು ಕೆಸರು ತೋಡಿ ಸಿಕ್ಕಿದ್ದನ್ನು ಒಯ್ಯುತ್ತಿದ್ದರು. ಒಂದು ಜೋಡಿ ಕೊರಮೀನನ್ನು ಮಾತ್ರ ದೊಡ್ಡವ್ವ ಕೊಡದಲ್ಲಿ ಮನೆಗೆ ತಂದು ಕಲ್ಲುಬಾನಿಗೆ ಬಿಡುತ್ತಿದ್ದಳು. ಬಿತ್ತನೆ ಶೇಂಗಾ ಎತ್ತಿಡುವುದಿಲ್ಲವೇ, ಹಾಗೆ ಇದು ಬೀಜದ ಮೀನು. ಹೊಳೆ ಬಂದ ದಿನ ಮಡುವಿಗೆ ಬಿಡಬೇಕು. ಇದು ಅವಳ ಅತ್ತೆಯ ಕಾಲದಿಂದ ಆ ಮನೆಯ ಕೆಲಸ, ಹಟ್ಟಿಯವರು ಎಷ್ಟೇ ಹಸಿದಿದ್ದರೂ ಆ ಬಾನಿಗೆ ಕೈ ಹಾಕುತ್ತಿರಲಿಲ್ಲ. ಆ ವರ್ಷ ಅವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ದೊಡ್ಡವ್ವ ಕೂಲಿಗೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುವಳು. ನಾನು ಮರಳಿನ ಒರತೆಯಿಂದ ನೀರು ತೋಡಿ ತಂದು ಬಾನಿಯ ನೀರು ಬದಲಾಯಿಸುತ್ತಿದ್ದೆ, ಗೆದ್ದಲು ಕೆರೆದು ತಂದು ಹಾಕುತ್ತಿದ್ದೆ, ಹಾರದಂತೆ ಹಳೆ ಬುಟ್ಟಿ ಬೋರಲು ಹಾಕಿ ಮೇಲೆ ಕಲ್ಲು ಇಡುತ್ತಿದ್ದೆ. ಆಮೇಲೆ ಬಾನಿಗೆ ಒರಗಿ ಕೂರುವುದು. ಕಲ್ಲು ತಣ್ಣಗಿರುತ್ತಿತ್ತು. ಎದುರಿಗೆ ಬಿಸಿಲಿಗೆ ನಡುಗುವ ಮರಳು, ಹಿಂದೆ ಆಗಾಗ ಗುಳುಕ್. ಅದಕ್ಕೆ ನಾನು ಹೂಂ ಎನ್ನುತ್ತಿದ್ದೆ.

ಆಗಲೇ ಅಪ್ಪ ಬಂದ. ಅವನಿಗೆ ಇನ್ನೊಂದು ಮದುವೆಯಾಗಿತ್ತು. ಜಗಲಿಯ ಮೇಲೆ ಕೂತು ನೀರು ಕುಡಿದು ನೇರವಾಗಿ ಹೇಳಿದ.

“ಕೂಸು ಹುಟ್ಟೈತಕ್ಕಾ. ಎತ್ಕಳಾಕೆ ಒಬ್ರು ಬೇಕು. ತಿಪ್ಪಿನ ಕರ್ಕಂಡ್ ಹೋಗ್ತೀನಿ.”

“ನಿನ್ನ ಹೆಂಡ್ತಿಗೆ ಕೈ ಇಲ್ವಾ?”

“ಅವಳೂ ಶೇಂಗಾ ಆರ್ಸಾಕೆ ಹೋಗ್ತಾಳೆ. ಹೆತ್ತ ಮಗಳನ್ನ ಕರ್ಕಂಡ್ ಹೋಗಾಕೆ ನಿನ್ನ ಕೇಳ್ಬೇಕಾ?”

ದೊಡ್ಡವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಕೇಳ್ಬ್ಯಾಡ, ಕರ್ಕಂಡ್ ಹೋಗು. ಈಗಲ್ಲ. ನಾನು ಕೂಲಿಗೋದ್ರೆ ಬೀಜದ ಮೀನಿಗೆ ನೀರು ಹಾಕೋರ್ಯಾರು? ಹೊಳಿ ಬರ್ಲಿ, ಮೀನು ಬಿಟ್ಟ ದಿನ ಅವಳ ಕೆಲ್ಸ ಮುಗೀತೈತೆ.”

ಅಪ್ಪ ನಕ್ಕುಬಿಟ್ಟ. “ಮೀನಿಗೆ ನನ್ನ ಮಗಳು ಜೀತ ಇದ್ದಂಗಾತು.”

“ಅಲ್ಲಿ ಕೂಸಿಗಿರ್ತಾಳೆ, ಇಲ್ಲಿ ಮೀನಿಗೆ. ಏನು ವ್ಯತ್ಯಾಸ ಹೇಳು?”

ಅಪ್ಪ ಕೆಟ್ಟವನಲ್ಲ, ದಣಿದವನು. ದೊಡ್ಡವ್ವ ಮಾತಿಗೆ ತಪ್ಪುವವಳಲ್ಲ ಅಂತ ಅವನಿಗೂ ಗೊತ್ತಿತ್ತು. ಆಗಲಿ ಅಂದು ಎದ್ದು ಹೋದ.

ಅಲ್ಲಿಂದ ಮುಂದೆ ಇಡೀ ಹಟ್ಟಿಯೇ ಆಕಾಶ ನೋಡುತ್ತಿದ್ದರೆ, ಹೊಳೆ ಬರುವುದು ಬೇಡ ಅಂತ ಇದ್ದವಳು ನಾನೊಬ್ಬಳೇ. ಕೆಲವು ವರ್ಷ ನಮ್ಮ ಹೊಳೆ ಬರುವುದೇ ಇಲ್ಲ. ದೊಡ್ಡವ್ವ ಅದನ್ನೇ ನೆಚ್ಚಿ ಮಾತು ಕೊಟ್ಟಿರಬೇಕು. ಆದರೆ ಬಾನಿಯ ಹೆಣ್ಣುಮೀನಿಗೆ ಹೊಟ್ಟೆ ಬರುತ್ತಿತ್ತು. ಬುಟ್ಟಿ ಎತ್ತಿದಾಗಲೆಲ್ಲ ಅದು ಕಲ್ಲಿಗೆ ಮೂತಿ ಒತ್ತಿಕೊಂಡು ನಿಂತಿರುತ್ತಿತ್ತು. ಅದಕ್ಕೆ ಬೇಕಾದದ್ದು ನನಗೆ ಬೇಡವಾಗಿತ್ತು. ಇದನ್ನು ಯಾರ ಹತ್ತಿರ ಹೇಳುವುದು? ಮೀನಿನ ಹತ್ತಿರವೂ ಹೇಳಲಾಗದೆ ಬಾನಿ ಬಿಟ್ಟು ದೂರ ಕೂರತೊಡಗಿದೆ.

ಹೊಳೆ ಬಂತು. ನಮ್ಮಲ್ಲಿ ಹನಿ ಬಿದ್ದಿರಲಿಲ್ಲ, ಮೇಲೆ ಎಲ್ಲೋ ಸುರಿದಿತ್ತು. ಮಟಮಟ ಮಧ್ಯಾಹ್ನ ಮರಳಿನ ಮೇಲೆ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು, ನೊರೆ ಕಟ್ಟಿಕೊಂಡು ಬಂತು. ಕುರಿ ಕಾಯುವ ಓಬಯ್ಯಜ್ಜ ದಂಡೆಯ ಮೇಲೆ ನಿಂತು ಕೂಗಿದ, ಜನ ಓಡಿದರು. ದೊಡ್ಡವ್ವ ಕೂಲಿಯಿಂದ ಬಂದು ಕೈಕಾಲು ತೊಳೆದು ಮುದ್ದೆಗೆ ಎಸರಿಟ್ಟಳು. ಬಾನಿಯ ಕಡೆ ನೋಡಲಿಲ್ಲ. ಮರುದಿನವೂ ನೋಡಲಿಲ್ಲ. ನೀರು ಬದಲಾಯಿಸು ಅಂತ ಮಾತ್ರ ಹೇಳಿ ಹೋದಳು.

ಓಬಯ್ಯಜ್ಜ ದಾರಿಯಲ್ಲಿ ಅವಳನ್ನು ತಡೆದು ಕೇಳಿದ. “ಏನವ್ವಾ, ಹೊಳಿ ಹರಿತೈತೆ, ಮೀನು ಬಾನ್ಯಾಗೇ ಐತೆ. ಮೊಸರು ಮಾಡಾಕೆ ಹೆಪ್ಪು ಹಾಕೀಯಾ?”

“ನಿನ್ನ ಕುರಿ ನೋಡ್ಕ ಹೋಗಜ್ಜ” ಎಂದಳು.

ಅಪ್ಪ ಬಂದಾಗ ಹೊಳೆ ಇನ್ನೂ ತುಂಬಿತ್ತು. “ಸೇತುವೆ ಮ್ಯಾಲಿಂದ ನೋಡ್ಕಂಡೇ ಬಂದೆ. ಹೊಳಿ ಬಂದೈತಲ್ಲಕ್ಕಾ.”

“ಬಂದೈತೆ. ಬಂದಿಲ್ಲ ಅಂದ್ನಾ?” ದೊಡ್ಡವ್ವ ಎದ್ದು ಬುಟ್ಟಿ ಎತ್ತಿದಳು. ಒಳಗಿನಿಂದ ಗುಳುಕ್ ಅಂತು. “ಮೀನು ಬಿಟ್ಟಿಲ್ಲ.”

“ಯಾವಾಗ ಬಿಡ್ತೀಯಾ?”

“ನೀರು ತಿಳಿ ಆಗ್ಲಿ.”

“ಕೊರಮೀನಿಗೆ ತಿಳಿ ನೀರು ಯಾಕಕ್ಕಾ? ಕೆಸರಾಗೆ ಬದುಕೋ ಪ್ರಾಣಿ ಅದು.”

“ನೀನು ಮೂಟೆ ಹೊರೋನು. ಮೀನಿನ ಸಮಾಚಾರ ನಂಗೆ ಬಿಡು.”

ಅಪ್ಪ ಬಾನಿ ನೋಡಿದ, ಅವಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ನೀನು ಬರ್ತೀಯಾ?” ಅಂದ.

“ಮೀನು ಬಿಟ್ಟ ಮ್ಯಾಲೆ” ಅಂದೆ.

ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದ. ದೀಪಾವಳಿಯ ಹೊತ್ತಿಗೆ ಯಾರ ಕೈಯಲ್ಲೋ ಸುದ್ದಿ ಕಳಿಸಿದ. ಹೆಂಡತಿಯ ತಾಯಿ ಬಂದು ಕೂಸು ನೋಡಿಕೊಳ್ಳುತ್ತಿದ್ದಾಳೆ, ತಿಪ್ಪಿ ಅಲ್ಲೇ ಇರಲಿ. ಅಷ್ಟೇ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅಷ್ಟರಲ್ಲಿ ಹೆಣ್ಣುಮೀನು ಸತ್ತಿತ್ತು. ಮೊಟ್ಟೆ ಹೊಟ್ಟೆಯಲ್ಲೇ ಉಳಿದು, ಒಂದು ಬೆಳಿಗ್ಗೆ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ತಾನಾಗಿ ಸತ್ತ ಮೀನನ್ನು ತಿನ್ನಬಾರದು. ದೊಡ್ಡವ್ವ ಅದನ್ನು ಅವರೆ ಬಳ್ಳಿಯ ಬುಡದಲ್ಲಿ ಹೂತಳು. ಗಂಡುಮೀನನ್ನು ನಾನೇ ಕೊಡದಲ್ಲಿ ಒಯ್ದು ಮಡುವಿಗೆ ಬಿಟ್ಟೆ. ಅದು ಹೋಗಲಿಲ್ಲ, ಸ್ವಲ್ಪ ಹೊತ್ತು ನನ್ನ ಕಾಲ ಹತ್ತಿರವೇ ನಿಂತಿತ್ತು. ಆಮೇಲೆ ಕಾಣಲಿಲ್ಲ.

ಮುಂದಿನ ಸಲ ಹೊಸ ನೀರು ಬಂದಾಗ ಇಬ್ಬರೂ ಮಡುವಿಗೆ ಇಳಿದೆವು. ಗೆಂಡೆ ಇತ್ತು, ಚೇಳುಮೀನು ಇತ್ತು. ದೊಡ್ಡವ್ವ ಹಣೆಗೆ ಕೈ ಅಡ್ಡ ಹಿಡಿದು ಈ ದಡದಿಂದ ಆ ದಡದವರೆಗೆ ಕೆಂಪು ಹುಡುಕಿದಳು. ಎಲ್ಲೂ ಇರಲಿಲ್ಲ. ಬಹಳ ಹೊತ್ತಾದ ಮೇಲೆ ತಿರುಗಿ, ಸಂತೆಯಲ್ಲಿ ಕುರಿ ನೋಡುವ ಹಾಗೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ನಡಿ, ಮುದ್ದೆ ಆರ್ತೈತೆ” ಅಂದಳು. ಆ ಮಡುವಿನಲ್ಲಿ ಮತ್ತೆ ಕೆಂಪು ಕಂಡವರಿಲ್ಲ. ಈಗ ಮಡುವೇ ಇಲ್ಲ. ಮರಳು ತೆಗೆದ ಗುಂಡಿಗಳಲ್ಲಿ ಜಾಲಿ ಬೆಳೆದಿದೆ, ಮನೆ ಬಿದ್ದು ಮಣ್ಣಾಗಿದೆ. ಬಾನಿ ಮಾತ್ರ ಇದ್ದಲ್ಲೇ ಇದೆ, ಕಲ್ಲಿಗೆ ಎಲ್ಲಿಗೆ ಹೋಗಲಿಕ್ಕಾಗುತ್ತದೆ.

ಮೊನ್ನೆ ಟಬ್ಬಿನ ಮುಂದೆ ಬಗ್ಗಿ ನಿಂತಿದ್ದಾಗ ಮಾರುವವನು ಕೇಳಿದ. “ಕೊಯ್ದು ಕೊಡ್ಲಾ ಅಜ್ಜಿ?”

“ಜೋಡಿ ಐತಾ ಇದ್ರಾಗೆ?”

“ಸಾಕಿದ ಮೀನಜ್ಜಿ. ಇವಕ್ಕೆ ಎಂಥಾ ಜೋಡಿ?”

ಬ್ಯಾಡ ಬಿಡು ಅಂದೆ. ಅಷ್ಟರಲ್ಲಿ ಬಸ್ಸು ಬಂತು. ಹತ್ತುವವರು ಹಿಂದಿನಿಂದ ತಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಕಾಲಿಟ್ಟಾಗ ಹಿಂದೆ ಮತ್ತೊಮ್ಮೆ ಗುಳುಕ್ ಅಂತು. ನನ್ನ ಬಾಯಿಂದ ಹೂಂ ಎಂದು ಬಂದುಬಿಟ್ಟಿತು.